ಕಂಪ್ಯೂಟರಿನಿಂದ ಕದ್ದ ನಾಲ್ಕು ಬೀಜ

ನಾನು ಒಮ್ಮೆ ಕಂಪ್ಯೂಟರಿನ ಮಂಡೆಯೊಳಗೆ ಕೈ ಹಾಕಿ ನಾಲ್ಕು ಬೀಜ ಕದ್ದವ. ನಗಬೇಡಿ. ಬಂಟ್ವಾಳ ತಾಲೂಕಿನವರಲ್ಲಿ ಕಂಪ್ಯೂಟರಿಗೆ ಕನ್ನ ಹಾಕಿದ ಮೊದಲನೆಯ ಮನುಷ್ಯ ನಾನೇ ಇರಬೇಕು. ಆ ಕಂಪ್ಯೂಟರ್ ಮರದ್ದು, ಅದನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿ ಕೊಟ್ಟದ್ದು ಒಬ್ಬರು ಅಮ್ಮ, ಅನ್ನುವುದನ್ನು ಈಗಲೇ ಹೇಳಿದರೆ ನೀವು ಮುಂದೆ ಓದುವುದಿಲ್ಲ. ಹಾಗಾಗಿ ಸ್ವಲ್ಪ ತಡೆಯಿರಿ.

ಇದೆಲ್ಲ ನೆನಪಾದದ್ದು ಮೊನ್ನೆ, ಪೇಟೆಯ ಟೈಲರನ ಅಂಗಡಿಯಲ್ಲಿ. ನನ್ನ ಕಪ್ಪು ಕೋಟಿನ ಹರಿದ ಲೈನಿಂಗ್ ಹೊಲಿಯಲಿಕ್ಕೆ ಕೊಟ್ಟಿದ್ದೆ. ನನ್ನ ಕೋಟು ಅಂದರೆ ನಮ್ಮ ವಕೀಲರು ತೊಟ್ಟು ತೊಟ್ಟು ಸಾಕಾಗಿ ನನಗೆ ದಾಟಿಸಿದ್ದು. ಟೈಲರು ಒಳಗಿಂದ ಏನೋ ಒಂದನ್ನು ಕತ್ತರಿಯ ತುದಿಯಲ್ಲಿ ಹೊರಗೆ ದೂಡಿ, ಕೈಯಲ್ಲಿ ಮುಟ್ಟದೆ, ಎರಡು ಹೆಜ್ಜೆ ಹಿಂದೆ ನಿಂತ.

"ಇದೆಂತ ಮಾರಾಯ್ರೇ? ಯಾರಾದ್ರೂ ನಿಮಗೆ ಮಾಟಗೀಟ ಮಾಡಿದ್ದಾರಾ?"

ನೋಡಿದರೆ ಒಂದು ಕೆಂಪು ಮಂಜೊಟ್ಟಿ ಬೀಜ. ಚೆನ್ನೆಮಣೆ ಆಡುವಾಗ ಗುಳಿಗಳಿಗೆ ಹಾಕ್ತಾರಲ್ಲ, ಅದೇ. ಐದು ವರ್ಷ ನನ್ನ ಸೊಂಟದ ಹತ್ತಿರವೇ ಕೂತು ಕೋರ್ಟು ಕಚೇರಿ ಎಲ್ಲ ತಿರುಗಿದೆ. ನಾನು ಅದನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡೆ. ಟೈಲರು ನನ್ನ ಮುಖವನ್ನೇ ಸಂಶಯದಿಂದ ನೋಡಿದ. ಅವನದ್ದು ತಪ್ಪಿಲ್ಲ. ಸಂಶಯದಲ್ಲಿ ನಾನು ಅವನ ಗುರು.

ವಕೀಲರ ಗುಮಾಸ್ತನಿಗೆ ಸಂಶಯ ಅಂದರೆ ಊಟದ ಉಪ್ಪು. ಯಾರಾದರೂ ನಮಸ್ಕಾರ ಅಂದರೆ ಸಾಕ್ಷಿಗೆ ಯಾರು ಇದ್ದಾರೆ ಅಂತ ತಿರುಗಿ ನೋಡುವ ಜಾತಿ ನಮ್ಮದು. ನನಗೆ ಇದು ಹುಟ್ಟಿನಿಂದಲೇ ಇತ್ತು ಅಂತ ಕಾಣ್ತದೆ. ಇಂಟರ್‌ಮೀಡಿಯೆಟಿನ ಗಣಿತದಲ್ಲಿ ಎರಡು ಸಲ ಬಿದ್ದಾಗಲೂ ನನಗೆ ಸಂಶಯ ಬಂದದ್ದು ಪ್ರಶ್ನೆಪತ್ರಿಕೆಯ ಮೇಲೆ, ಪೇಪರು ತಿದ್ದಿದವರ ಮೇಲೆ, ನನ್ನ ಪೆನ್ನಿನ ಮೇಲೆ. ನನ್ನ ಮೇಲೆ ಮಾತ್ರ ಬಂದದ್ದಿಲ್ಲ.

ಗೂಢಚಾರಿಕೆಗೆ ಇಷ್ಟು ಯೋಗ್ಯನಾದವ ಮನೆಯಲ್ಲಿ ಇರುವಾಗ ಅಪ್ಪ ಬೇರೆಯವರನ್ನು ಯಾಕೆ ಹುಡುಕಬೇಕು? ಅಕ್ಕನಿಗೆ ಸಂಬಂಧ ಬಂದಾಗಲೆಲ್ಲ ಹುಡುಗನನ್ನು ಕದ್ದು ನೋಡಿ ಬರುವ ಕೆಲಸ ನನಗೆ. ಅಕ್ಕ ಬೆಳ್ತಂಗಡಿಯಲ್ಲಿ ಶಾಲೆ ಟೀಚರು, ಅಲ್ಲೇ ಚಿಕ್ಕಮ್ಮನ ಮನೆಯಲ್ಲಿ ಇದ್ದಳು. ಬೀಜ ಕದ್ದದ್ದರ ಹಿಂದಿನ ವರ್ಷ ಪುಂಜಾಲಕಟ್ಟೆಯಿಂದ ಒಂದು ಸಂಬಂಧ ಬಂದಿತ್ತು. ನಾನು ಹೋಗಿ ಚಾ ಹೋಟೆಲಿನ ಬೆಂಚಿನಲ್ಲಿ ಕೂತು, ಪೇಪರು ಮುಖಕ್ಕೆ ಅಡ್ಡ ಹಿಡಿದು ನೋಡಿದೆ. ಹುಡುಗ ಕುಂಟ್ತಾ ಇದ್ದ. ಬಂದು ವರದಿ ಒಪ್ಪಿಸಿದೆ. ಅಪ್ಪ ಬೇಡ ಅಂತ ಹೇಳಿ ಕಳಿಸಿದ್ರು. ಆಮೇಲೆ ಗೊತ್ತಾಯಿತು, ಅವನಿಗೆ ಅವತ್ತು ಬೆಳಿಗ್ಗೆ ಕಾಲಿಗೆ ಮುಳ್ಳು ಚುಚ್ಚಿತ್ತು. ಈಗ ಅವ ಕಂಬಳದಲ್ಲಿ ಕೋಣ ಓಡಿಸ್ತಾನೆ. ಕೋಣಗಳೇ ಅವನಿಗಿಂತ ಹಿಂದೆ ಉಳೀತವೆ ಅಂತ ಜನ ಹೇಳ್ತಾರೆ. ಅಕ್ಕ ಒಂದು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ.

ಹಾಗೆ ಇರುವಾಗ ಮೂಡುಬಿದಿರೆಯ ಸಂಬಂಧ ಬಂತು. ಹುಡುಗನ ಹೆಸರು ವಾಸುದೇವ. ಬೊಂಬಾಯಿಯಲ್ಲಿ ಕೆಲಸ. ಎಂತ ಕೆಲಸ ಅಂತ ಕೇಳಿದರೆ ದಲ್ಲಾಳಿ ತಲೆ ತುರಿಸಿಕೊಂಡು, "ಕಂಪ್ಯೂಟರ್ ಅಂತ ಉಂಟಂತೆ. ದೊಡ್ಡ ಸಂಸ್ಥೆ. ಅಲ್ಲಿ ಅದಕ್ಕೆ ಎಂತದ್ದೋ ಬರೀತಾರಂತೆ," ಅಂದ.

"ಬರೆಯುದಾ? ಗುಮಾಸ್ತನಾ?" ಅಪ್ಪ ಕೇಳಿದ್ರು.

"ಅಲ್ಲ, ಯಂತ್ರಕ್ಕೆ ಬರೆಯುದಂತೆ."

"ಯಂತ್ರಕ್ಕೆ ಓದ್ಲಿಕ್ಕೆ ಬರ್ತದಾ?"

ದಲ್ಲಾಳಿ ಎದ್ದು ಹೋದ. ಅಪ್ಪ ನನ್ನ ಕಡೆ ತಿರುಗಿದ್ರು. "ಬೊಂಬಾಯಿ ಅಂದ್ರೆ ಹೋಟೆಲೇ ಇರ್ಬೇಕು. ಹೋಟೆಲಾದ್ರೆ ಹೋಟೆಲು ಅಂತ ಹೇಳ್ಲಿ, ನಾಚಿಕೆ ಎಂತ? ಇದು ಎಂತದ್ದೋ ಮುಚ್ಚಿಡ್ತಾ ಇದ್ದಾರೆ. ಮತ್ತೆ ಕಾಮಾಲೆ ಅಂತ ಎರಡು ತಿಂಗಳು ರಜೆಯಲ್ಲಿ ಬಂದು ಕೂತಿದ್ದಾನಂತೆ. ಎರಡು ತಿಂಗಳು ರಜೆ ಯಾರು ಕೊಡ್ತಾರೆ? ಕೆಲಸದಿಂದ ತೆಗೆದೇ ಹಾಕಿರ್ಬೇಕು. ನೀನು ಹೋಗಿ ನೋಡು."

ಹೋಗುವ ಮೊದಲು ಬೆಳ್ತಂಗಡಿಗೆ ಹೋಗಿ ಅಕ್ಕನನ್ನು ಕಂಡೆ. ಅವಳು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಾ ತಲೆ ಎತ್ತದೆ ಹೇಳಿದಳು. "ನೋಡಿ ಬಾ. ಆದ್ರೆ ಈ ಸಲ ಕಂಡದ್ದನ್ನು ಮಾತ್ರ ಹೇಳು. ಕಾಣದ್ದನ್ನು ಸೇರಿಸಿದ್ರೆ ನಾನು ಮದುವೆಯೇ ಆಗುದಿಲ್ಲ, ಜೀವನ ಪೂರ್ತಿ ನಿನ್ನ ಮನೆಯಲ್ಲೇ ಕೂತು ನಿನ್ನ ತಪ್ಪು ತಿದ್ದುತ್ತೇನೆ." ಅವಳು ಕುಸಾಲು ಮಾಡ್ತಾ ಇದ್ದಾಳೆ ಅಂತ ಅಂದುಕೊಂಡೆ. ಕೈಯಲ್ಲಿದ್ದ ಕೆಂಪು ಶಾಯಿಯ ಪೆನ್ನು ಮಾತ್ರ ಒಂದೇ ತಪ್ಪಿನ ಮೇಲೆ ಎರಡೆರಡು ಸಲ ಗೀಟು ಎಳೀತಾ ಇತ್ತು.

ಭಾನುವಾರ ಸಿದ್ಧಕಟ್ಟೆ ಮಾರ್ಗವಾಗಿ ಹೋಗುವ ಬಸ್ಸು ಹಿಡಿದೆ. ಮನೆ ಹುಡುಕಿ ಹೋದೆ. ಹುಡುಗಿಯ ತಮ್ಮ ಅಂತ ಹೇಳುವ ಹಾಗಿಲ್ಲವಲ್ಲ! ಬಂಟ್ವಾಳದಲ್ಲಿ ಗುಮಾಸ್ತ, ಕಂಪ್ಯೂಟರ್ ಅಂದ್ರೆ ಎಂತ ಅಂತ ಕಲಿಯುವ ಆಸೆ, ಅಂತ ಬಾಯಿಪಾಠ ಮಾಡಿಕೊಂಡಿದ್ದೆ. ಅವರ ಅಮ್ಮ ಬೆಲ್ಲ ನೀರು ಇಟ್ಟು ಕೇಳಿದ್ರು, "ಬಂಟ್ವಾಳದಲ್ಲಿ ಯಾವ ಮನೆ ಮಗಾ?"

ಇದಕ್ಕೆ ನಾನು ತಯಾರಿರಲಿಲ್ಲ. ಬಾಯಿಗೆ ಬಂದ ಒಂದು ಮನೆಯ ಹೆಸರು ಹೇಳಿ, ಆ ಮನೆಯ ಎರಡನೆಯ ಮಗ ಅಂದೆ.

"ಹೌದಾ," ಅಂದ್ರು ಅಮ್ಮ. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಒಳಗೆ ಹೋದ್ರು. ಬೆಲ್ಲದ ತುಂಡು ಇನ್ನೊಂದು ಬಂತು. ಎಷ್ಟು ಸಲೀಸಾಗಿ ನಂಬಿದ್ರು, ಪಾಪ, ಅಂತ ನನಗೆ ನನ್ನ ಮೇಲೆಯೇ ಹೆಮ್ಮೆಯಾಯಿತು.

ವಾಸುದೇವರು ಚಾವಡಿಯ ಬೆಂಚಿನಲ್ಲಿ ಕೂತಿದ್ರು. ಕಣ್ಣು ಹಳದಿ, ಕೈಯಲ್ಲಿ ನೆಲನೆಲ್ಲಿ ಅರೆದು ಹಾಕಿದ ಮಜ್ಜಿಗೆ. ಕಾಮಾಲೆ ನಿಜ ಅಂತ ಮನಸ್ಸಿನಲ್ಲೇ ಗುರುತು ಹಾಕಿದೆ. ನಾನು ಕಲಿಯಲಿಕ್ಕೆ ಬಂದದ್ದು ಅಂದ ಕೂಡಲೆ ಆ ಹಳದಿ ಕಣ್ಣು ಅರಳಿದ್ದು ಹೇಗೆ ಅಂತೀರಿ! ಊರಿಗೆ ಬಂದ ಮೇಲೆ ಅವರನ್ನು ಎಲ್ಲರೂ ಕೇಳಿದ್ದು ಪಥ್ಯದ ಬಗ್ಗೆ ಮಾತ್ರವಂತೆ.

"ಯಂತ್ರ ಭಾರೀ ಬೇಗ, ಆದ್ರೆ ಪೊಟ್ಟು, ಸ್ವಂತ ಬುದ್ಧಿ ಇಲ್ಲ," ಅಂತ ಶುರು ಮಾಡಿದ್ರು. "ಹೇಳಿದಷ್ಟೇ ಮಾಡ್ತದೆ. ಮುಂಚೆ ಒಬ್ಬನ ಕೆಲಸ ಮುಗಿದ್ರೆ, ಇನ್ನೊಬ್ಬನ ತೂತು ಹೊಡೆದ ಕಾರ್ಡಿನ ಕಟ್ಟ ತಂದು ಹಾಕುವವರೆಗೆ ಅಷ್ಟು ದೊಡ್ಡ ಯಂತ್ರ ಪೊಕ್ಕಡೆ ಸುಮ್ಮನೆ ಕೂತಿರ್ತಿತ್ತು. ಅದಕ್ಕೆ ಯಂತ್ರದ ಒಳಗೇ ಒಂದು ಮೇಲ್ವಿಚಾರಣೆಯ ಕ್ರಮ ಬರೆದು ಕೂರಿಸಿದ್ದು. ಯಾರ ಕೆಲಸ ಯಾವಾಗ, ಯಾರಿಗೆ ಎಷ್ಟು ಜಾಗ, ಎಲ್ಲ ಅದೇ ನೋಡ್ತದೆ. ಆಪರೇಟಿಂಗ್ ಸಿಸ್ಟಮ್ ಅಂತ ಹೇಳುದು. ನಾವು ಐದಾರು ಜನ ಅದನ್ನೇ ಕಟ್ಟುದು, ಹಾಳಾದ್ರೆ ರಿಪೇರಿ ಮಾಡುದು."

"ಆ ಮೇಲ್ವಿಚಾರಕ ಯಾವ ಊರಿನವ?" ಅಂತ ಕೇಳಿದೆ.

"ಮನುಷ್ಯ ಅಲ್ಲ. ಬರೆದದ್ದು."

"ಯಾರಾದ್ರೂ ಕಂಡಿದ್ದಾರಾ?"

"ಕಾಣ್ಲಿಕ್ಕೆ ಆಗುದಿಲ್ಲ."

ನನ್ನ ಕಿವಿ ನೆಟ್ಟಗಾಯಿತು. ನಮ್ಮ ಕಡೆ ಕಣ್ಣಿಗೆ ಕಾಣದೆ ಅಪ್ಪಣೆ ಕೊಡುವುದು ಭೂತಗಳು ಮಾತ್ರ. ಅವಕ್ಕೂ ವರ್ಷಕ್ಕೊಮ್ಮೆ ಕೋಲ ಕೊಡಬೇಕು. "ಅದಕ್ಕೆ ಎಂತ ಕೊಡ್ಬೇಕು?" ಅಂತ ಕೇಳಿದೆ.

"ಕರೆಂಟು," ಅಂದ್ರು.

ನಾನು ಬಿಡುವವನಾ? ಪಾಟೀಸವಾಲು ನೋಡಿ ನೋಡಿ ಬೆಳೆದವ. "ಎಲ್ಲರನ್ನೂ ಅದು ಎಬ್ಬಿಸ್ತದೆ. ಬೆಳಿಗ್ಗೆ ಅದನ್ನು ಎಬ್ಬಿಸುದು ಯಾರು?"

ಇಲ್ಲಿಗೆ ಸಿಕ್ಕಿಬಿದ್ದ ಅಂದುಕೊಂಡೆ. ಅವರು ಬೆಂಚಿನಿಂದ ಎದ್ದೇ ಬಿಟ್ರು. "ಇದು ಪ್ರಶ್ನೆ! ತೋಟದ ಪಂಪು ನೋಡಿದ್ದೀರಲ್ಲ? ನೀರು ಎತ್ತಬೇಕಾದ್ರೆ ಮೊದಲು ಅದರ ಬಾಯಿಗೆ ಒಂದು ಚೆಂಬು ನೀರು ನಾವೇ ಹೊಯ್ಯಬೇಕು. ಹಾಗೆಯೇ ನಾಲ್ಕೈದು ಸಾಲು ಮಾತ್ರ ಕೈಯಲ್ಲಿ ಸ್ವಿಚ್ಚು ಒತ್ತಿ ಹಾಕುದು. ಆ ನಾಲ್ಕು ಸಾಲು ನಲವತ್ತು ಸಾಲನ್ನು ಎಳೆದು ತರ್ತದೆ, ಆ ನಲವತ್ತು ಸಾಲು ಉಳಿದದ್ದನ್ನೆಲ್ಲ."

ಉತ್ತರ ಎಷ್ಟು ಬೇಗ ಬಂತು ಅಂದರೆ ನನಗೆ ಸಂಶಯ ಇಮ್ಮಡಿಯಾಯಿತು. ಸುಳ್ಳು ಸಾಕ್ಷಿಗಳೇ ಹಾಗೆ ಪಟಪಟ ಹೇಳುವುದು. ಆಮೇಲೆ ಅವರು ನನಗೇ ಪ್ರಶ್ನೆ ಹಾಕಿದ್ರು. "ಕೋರ್ಟಿನಲ್ಲಿ ಒಂದು ಕೇಸಿನ ಸಾಕ್ಷಿ ಬಾರದಿದ್ರೆ ಎಲ್ಲರೂ ಸುಮ್ಮನೆ ಕೂರ್ತಾರಾ?"

"ಇಲ್ಲ. ವಾಯಿದೆ ಕೊಟ್ಟು ಮುಂದಿನ ಕೇಸು ಕರೀತಾರೆ."

"ನೋಡಿ, ಅರ್ಧ ನೀವೇ ಕಲಿತಾಯ್ತು. ಒಬ್ಬನ ಕೆಲಸ ಎಲ್ಲಿಯಾದ್ರೂ ತಡೆದು ನಿಂತ್ರೆ ಇನ್ನೊಬ್ಬನಿಗೆ ಸರದಿ. ನಿಂತವ ಕಳೆದುಹೋದವ ಅಲ್ಲ. ಎಲ್ಲಿಗೆ ನಿಂತ ಅಂತ ಗುರುತು ಇಟ್ರೆ ಆಯ್ತು."

ಎರಡನೆಯ ಭಾನುವಾರ ಹೋದಾಗ, "ಬಾಯಲ್ಲಿ ಹೇಳಿದ್ರೆ ಆಗ್ಲಿಕ್ಕಿಲ್ಲ, ಇವತ್ತು ಕಟ್ಟುವ," ಅಂದ್ರು. ಅಮ್ಮನನ್ನು ಕರೆದು ಚೆನ್ನೆಮಣೆ ಕೇಳಿದ್ರು. ಚೆನ್ನೆಮಣೆ ಇಳಿಸುವುದು ಆಟಿ ತಿಂಗಳ ಜಡಿಮಳೆಯಲ್ಲಿ. ಆಟಿ ಮುಗಿದ ಮೇಲೆ ಬೀಜ ಲೆಕ್ಕ ಮಾಡಿ, ಮಣೆ ಮುಚ್ಚಿ ಅಟ್ಟಕ್ಕೆ ಹಾಕಿದರೆ ಮತ್ತೆ ಮುಟ್ಟುವ ಕ್ರಮ ಇಲ್ಲ. ಇದು ಕಡುಬೇಸಗೆ. ಅಮ್ಮ ಬಾಗಿಲಲ್ಲೇ ನಿಂತ್ರು.

"ಈಗ ಚೆನ್ನೆಮಣೆಯಾ? ಮನೆಗೆ ಒಳ್ಳೇದಲ್ಲ ಮಗಾ."

"ಆಡ್ಲಿಕ್ಕೆ ಅಲ್ಲಮ್ಮ. ಇವರಿಗೆ ಕಂಪ್ಯೂಟರ್ ತೋರಿಸ್ಲಿಕ್ಕೆ."

ಅಮ್ಮ ನನ್ನನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಮಣೆ ತಂದು ಕೊಟ್ರು.

ಮಣೆಯಲ್ಲಿ ಹದಿನಾಲ್ಕು ಗುಳಿ. ಎಡದ ತುದಿಯ ಎರಡು ಗುಳಿ ಮೇಲ್ವಿಚಾರಕನದ್ದು. ಉಳಿದ ಹನ್ನೆರಡು ಮೂರು ಜನರಿಗೆ, ತಲಾ ನಾಲ್ಕು. ಒಬ್ಬೊಬ್ಬನೂ ತನ್ನ ಹತ್ತು ಬೀಜವನ್ನು ಒಂದೊಂದಾಗಿ ತನ್ನ ಕೊನೆಯ ಗುಳಿಗೆ ಮುಟ್ಟಿಸಿದರೆ ಅವನ ಕೆಲಸ ಮುಗೀತು. ಐದು ನಡೆ ಆದ ಕೂಡಲೆ ವಾಸುದೇವರು ಚಮಚದಿಂದ ಲೋಟಕ್ಕೆ ಟಣ್ ಅಂತ ಬಡಿಯುವುದು, ಸರದಿ ಇನ್ನೊಬ್ಬನಿಗೆ. ಮೇಲ್ವಿಚಾರಕನ ಮೊದಲ ಗುಳಿಯಲ್ಲಿ ಎಷ್ಟು ಬೀಜ ಉಂಟೋ ಅಷ್ಟನೆಯವನ ಸರದಿ. ಎರಡನೆಯ ಗುಳಿಯಲ್ಲಿ ಎಷ್ಟೋ, ಅವನು ಎಷ್ಟನೆಯ ಗುಳಿಯಲ್ಲಿ ನಿಂತಿದ್ದ ಅಂತ ಗುರುತು. ಮಿಕ್ಕ ಬೀಜ ಒಂದು ತೆಂಗಿನ ಗೆರಟೆಯಲ್ಲಿ. ಯಂತ್ರ ನಾನು. ಬೀಜ ಹೇಳಿದಷ್ಟು ಮಾಡುವುದು, ಮಂಡೆ ಓಡಿಸಬಾರದು. ಆ ಕೆಲಸಕ್ಕೆ ನಾನು ಭಾರೀ ಒಳ್ಳೆಯ ಯಂತ್ರ ಅಂತ ಅವರು ಹೊಗಳಿದ್ರು.

"ಒಂದು ಮಾತು," ಅಂದ್ರು. "ಈ ಎರಡು ಗುಳಿಗೆ ಮಾತ್ರ ಬೇರೆ ಯಾರೂ ಕೈ ಹಾಕ್ಬಾರ್ದು."

ಹೇಳಬಾರದಿತ್ತು. ಮುಟ್ಟಬೇಡ ಅಂತ ಹೇಳಿದ ಕಾಗದವನ್ನೇ ಮೊದಲು ಓದಬೇಕು ಅನ್ನುವುದು ನಮ್ಮ ವಕೀಲರ ಮೊದಲ ಪಾಠ. ಎರಡು ಗುಳಿಯಲ್ಲಿ ಎಂತ ಗುಟ್ಟು? ಟಣ್ ಟಣ್ ಅಂತ ಆಟ ಚಂದಕ್ಕೆ ನಡೀತಾ ಇತ್ತು, ಚಂದಕ್ಕೆ ನಡೆದದ್ದೇ ನನಗೆ ಸಹಿಸಲಿಕ್ಕಾಗಲಿಲ್ಲ. ಅಷ್ಟರಲ್ಲಿ ಒಳಗಿಂದ ಮದ್ದಿಗೆ ಕರೆ ಬಂತು. ಅವರು ಎದ್ದು ಹೋದ್ರು.

ಮೊದಲ ಗುಳಿಯಲ್ಲಿ ಮೂರು ಬೀಜ ಇತ್ತು, ಎರಡು ಎತ್ತಿದೆ. ಎರಡನೆಯದ್ದರಲ್ಲಿ ನಾಲ್ಕು ಇತ್ತು, ಎರಡು ಎತ್ತಿದೆ. ನಾಲ್ಕೂ ಕೋಟಿನ ಕಿಸೆಗೆ. ಲೆಕ್ಕ ಸುಲಭ: ನಿಜವಾದ ವಿದ್ಯೆಯಾದರೆ ಬಂದ ಕೂಡಲೆ ಹಿಡೀತಾರೆ. ಸುಳ್ಳಾದರೆ ಬಾಯಿ ಬಡಾಯಿ ಮುಂದುವರಿಸ್ತಾರೆ.

ಬಂದು ಕೂತ್ರು. ಟಣ್. ಮೂರನೆಯವನ ಸರದಿ ಬರಬೇಕಾದಲ್ಲಿ ಮೊದಲನೆಯವನದ್ದು ಬಂತು. ಅವ ನಿಂತದ್ದು ಒಂದು ಕಡೆ, ಹೊರಟದ್ದು ಇನ್ನೊಂದು ಕಡೆ. ಹತ್ತು ನಡೆಯೊಳಗೆ ಒಬ್ಬನ ಬೀಜ ಇನ್ನೊಬ್ಬನ ಗುಳಿಗೆ ಬಿದ್ದು ಇಡೀ ಮಣೆ ಲಗಾಡಿ. ವಾಸುದೇವರ ಮುಖ ಸಣ್ಣದಾಯಿತು.

"ಎಲ್ಲೋ ನಾನು ಕಟ್ಟಿದ್ದರಲ್ಲೇ ತಪ್ಪುಂಟು," ಅಂದ್ರು. "ಕ್ಷಮಿಸಿ, ನಿಮಗೆ ತಪ್ಪು ಕಲಿಸಿದೆ."

ನಾನು ಗೆದ್ದವನ ಹಾಗೆ ಬಸ್ಸು ಹತ್ತಿದೆ. ಅಪ್ಪನಿಗೆ ಹೇಳಿದೆ, "ಕಾಣದ ಮೇಲ್ವಿಚಾರಕ ಅಂತೆ, ಬೇಸಗೆಯಲ್ಲಿ ಚೆನ್ನೆಮಣೆ ಅಂತೆ, ಅದೂ ಅರ್ಧಕ್ಕೆ ಕೆಟ್ಟುಹೋಯ್ತು. ಮಂಡೆ ಸಮ ಇಲ್ಲ, ಇಲ್ಲದಿದ್ರೆ ಪಕ್ಕಾ ಮೋಸ." ಅಪ್ಪ ಆಗಲೇ ಕಾರ್ಡು ತೆಗೆದು ಬರೆದ್ರು: ಈ ಸಂಬಂಧ ನಮಗೆ ಕೂಡಿ ಬರುವುದಿಲ್ಲ. "ನಾಳೆ ಪೋಸ್ಟಿಗೆ ಹಾಕು" ಅಂತ ನನಗೆ ಕೊಟ್ರು.

ನಾಳೆ ಅಂದರೆ ಸೋಮವಾರ. ಆ ಕಾರ್ಡು ಮುಂದಿನ ಭಾನುವಾರದವರೆಗೂ ಕೋಟಿನ ಕಿಸೆಯಲ್ಲೇ ಇತ್ತು. ನನ್ನ ಜೀವಮಾನದಲ್ಲಿ ನನ್ನ ಉದಾಸೀನದಿಂದ ಆದ ಒಂದೇ ಉಪಕಾರ ಇದು.

ಭಾನುವಾರ ಮತ್ತೆ ಮೂಡುಬಿದಿರೆಗೆ ಯಾಕೆ ಹೋದೆ ಅಂತ ಕೇಳಿದರೆ, ಕಳ್ಳ ತಾನು ಕದ್ದ ಮನೆಯ ಮುಂದೆಯೇ ತಿರುಗ್ತಾನೆ ಅಂತ ನಮ್ಮ ಕೇಸಿನ ಕಟ್ಟಗಳಲ್ಲಿ ಬೇಕಾದಷ್ಟು ಉಂಟು. ವಾಸುದೇವರು ನನ್ನನ್ನು ಕಂಡು ಎದ್ದು ಬಂದ್ರು. ಚಾವಡಿ ತುಂಬ ಕಾಗದ. ನೂರು ಪುಟದ ಒಂದು ಪುಸ್ತಕ ಅಂಚಿನಿಂದ ಅಂಚಿಗೆ ತುಂಬಿಹೋಗಿತ್ತು.

"ಏಳು ದಿವಸ ಹುಡುಕಿದೆ," ಅಂದ್ರು. "ಮೊದಲಿನಿಂದ ಆಡಿದ್ರೆ ಸರಿ ಬರ್ತದೆ. ನೂರು ಸಲ ಆಡಿದ್ರೂ ಸರಿ. ಅವತ್ತು ಮಾತ್ರ ಯಾಕೆ ತಪ್ಪಿತು? ಇಂಥ ತಪ್ಪು ಭಾರೀ ಕೆಟ್ಟದ್ದು, ಒಮ್ಮೆ ಮುಖ ತೋರಿಸಿ ಅಡಗಿಬಿಡ್ತದೆ. ನನ್ನ ಒಂದೊಂದು ಸಾಲನ್ನೂ ಸಂಶಯದಲ್ಲಿ ನೋಡಿದೆ. ನಿನ್ನೆ ಅಮ್ಮ ಸಾಕು ಅಂತ ಮಣೆ ಎತ್ತಿಡ್ಲಿಕ್ಕೆ ಬಂದ್ರು. ಎತ್ತಿಡುವ ಮೊದಲು ಬೀಜ ಲೆಕ್ಕ ಮಾಡುದು ಕ್ರಮ ಅಲ್ವಾ? ಐವತ್ತಾರು ಇರ್ಬೇಕು. ಐವತ್ತೆರಡು ಉಂಟು."

ನನ್ನ ಕೈ ಕಿಸೆಯ ಮೇಲೆ ಹೋಯಿತು.

"ಹಾಗಾದ್ರೆ... ಯಾರೋ ತೆಗೆದದ್ದು," ಅಂದೆ. ಸ್ವರ ಕೋಳಿಮರಿಯ ಹಾಗೆ ಬಂತು.

"ಯಾರೋ ತೆಗೆದದ್ದು. ಆದ್ರೆ ತಪ್ಪು ನನ್ನದೇ. ಮುಟ್ಟಬಾರ್ದು ಅಂತ ಬಾಯಲ್ಲಿ ಹೇಳಿದೆ. ಬಾಯಲ್ಲಿ ಹೇಳಿದ್ದು ಬೀಗ ಆಗ್ತದಾ? ಎಲ್ಲರೂ ನನ್ನ ಹಾಗೆ ಅಂತ ಅಂದುಕೊಂಡು ಕಟ್ಟಿದ್ದು. ಈಗ ನೋಡಿ." ಆ ಎರಡು ಗುಳಿಯ ಮೇಲೆ ಒಂದೊಂದು ಗೆರಟೆ ಕವುಚಿ ಹಾಕಿದ್ದರು. "ಇದನ್ನು ಎತ್ತುದು ಟಣ್ ಅಂದಾಗ ಮಾತ್ರ. ಎತ್ತಿದ ಕೂಡ್ಲೆ ತನ್ನ ಬೀಜ ಸರಿ ಉಂಟಾ ಅಂತ ಮೇಲ್ವಿಚಾರಕ ಲೆಕ್ಕ ಮಾಡ್ತಾನೆ. ಕಟ್ಟುವವನಿಗೆ ಸ್ವಲ್ಪ ಸಂಶಯ ಬೇಕು. ನನಗೆ ಅದು ಸಾಲುದಿಲ್ಲ. ನಿಮಗೆ ಉಂಟು. ಬರ್ತಾ ಇರಿ."

ಯಾರು ತೆಗೆದದ್ದು ಅಂತ ಅವರು ಕೇಳಲೇ ಇಲ್ಲ. ಕೇಳಿದ್ದರೆ ಒಂದು ಕತೆ ಕಟ್ಟಿ ಹೇಳುತ್ತಿದ್ದೆ, ಕಾಗೆಯ ಮೇಲೆ ಹಾಕುತ್ತಿದ್ದೆ. ಕೇಳದವನ ಹತ್ತಿರ ಸುಳ್ಳು ಹೇಳುವುದು ಹೇಗೆ?

ಅವತ್ತು ಮೂಡುಬಿದಿರೆಯಿಂದ ಮನೆಗೆ ಹೋಗಲಿಲ್ಲ. ಬಸ್ಸು ಬದಲಿಸಿ ಬೆಳ್ತಂಗಡಿಗೆ ಹೋದೆ. ಅಕ್ಕ ಚಿಕ್ಕಮ್ಮನ ಮನೆಯ ಜಗಲಿಯಲ್ಲಿ ಬಸಳೆ ಸೋಸ್ತಾ ಇದ್ದಳು. ಮೊದಲಿನಿಂದ ಕೊನೆವರೆಗೆ ಹೇಳಿದೆ. ಕಂಡದ್ದನ್ನು ಮಾತ್ರ. ಬೈಗುಳ ಬರಲಿ ಅಂತ ಕಾದೆ. ಅವಳು ಬಸಳೆಯ ದಂಟು ಬದಿಗಿಟ್ಟು ಕೇಳಿದಳು.

"ಏಳು ದಿವಸವಾ?"

"ಏಳು ದಿವಸ."

"ಏಳು ದಿವಸವೂ ತನ್ನದೇ ತಪ್ಪು ಅಂತ ಹುಡುಕಿದ್ದಾ?"

"ಹೌದು ಮಾರಾಯ್ತಿ, ನೂರು ಪುಟ ತುಂಬಿಸಿದ್ದಾರೆ."

"ನಮ್ಮ ಮನೆಯಲ್ಲಿ ಒಂದು ಚಮಚ ಕಾಣೆಯಾದ್ರೆ ಅಪ್ಪ ಊರಿನವರನ್ನೆಲ್ಲ ಕಳ್ಳರು ಮಾಡ್ತಾರೆ. ನೀನು ಸತ್ತವರನ್ನೂ ಬಿಡುದಿಲ್ಲ," ಅಂದಳು. ಮತ್ತೆ ಕೈ ಚಾಚಿದಳು. "ಕಾರ್ಡು ಕೊಡು."

ಕೊಟ್ಟೆ. ಒಮ್ಮೆ ಓದಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿದಳು. "ಅಪ್ಪನ ಹತ್ರ ನಾನೇ ಮಾತಾಡ್ತೇನೆ. ಬೀಜವೂ ಕೊಡು."

ಕಿಸೆಗೆ ಕೈ ಹಾಕಿದರೆ ಮೂರೇ ಸಿಕ್ಕಿತು. ಇನ್ನೊಂದು ಎಲ್ಲಿ ಹೋಯಿತೋ! ಕಿಸೆ ಮಗುಚಿ ತೋರಿಸಿದೆ.

"ಕದ್ದದ್ದನ್ನೂ ಸರಿ ಇಟ್ಟುಕೊಳ್ಲಿಕ್ಕೆ ಬರುದಿಲ್ಲ ನಿನಗೆ," ಅಂದಳು ಅಕ್ಕ. ಆ ವರ್ಷ ಮೊದಲ ಸಲ ಅವಳು ಬಾಯಿ ತುಂಬ ನಕ್ಕದ್ದು ಅವತ್ತು.

ಅಪ್ಪ ಹದಿನೈದು ದಿವಸ ಹಾರಾಡಿದ್ರು. ಅಕ್ಕ ಒಂದೇ ಮಾತಿನಲ್ಲಿ ನಿಂತಳು. ಮದುವೆ ಆಯಿತು, ಆ ಮೂರು ಬೀಜವನ್ನು ಅವಳೇ ಮಣೆಗೆ ಮರಳಿಸಿದಳು, ಬೊಂಬಾಯಿಗೆ ಹೋದಳು, ಹೋಟೆಲು ಅಲ್ಲ ಅಂತ ಕಾಗದ ಬರೆದಳು. ಅಪ್ಪನಿಗೆ ಅದರ ಮೇಲೂ ಸ್ವಲ್ಪ ಸಂಶಯ ಉಂಟು.

ಈಗ ಈ ಟೈಲರು ತೆಗೆದುಕೊಟ್ಟ ಬೀಜ. ನನ್ನ ಅದೃಷ್ಟಕ್ಕೆ ಇದು ಆಟಿ ತಿಂಗಳು, ಅಕ್ಕ ಭಾವ ಪ್ರತಿ ವರ್ಷದ ಹಾಗೆ ರಜೆಯಲ್ಲಿ ಮೂಡುಬಿದಿರೆಗೆ ಬಂದಿದ್ದಾರೆ. ಭಾನುವಾರ ಹೋದೆ. ಚಾವಡಿಯಲ್ಲಿ ಚೆನ್ನೆಮಣೆ ನಡುವೆ ಇಟ್ಟು ಇಬ್ಬರೂ ಎದುರುಬದುರು ಕೂತಿದ್ರು. ಅಕ್ಕ ಗೆಲ್ತಾ ಇದ್ದಳು. ಭಾವ ನನ್ನನ್ನು ಕಂಡು, "ಬನ್ನಿ ಭಾವ, ಚಾ ಹೇಳಿ ಬರ್ತೇನೆ," ಅಂತ ಒಳಗೆ ಹೋದ್ರು. ನಾನು ಆಚೆ ಈಚೆ ನೋಡಿ, ಐದು ವರ್ಷದ ಹಿಂದಿನ ಅದೇ ಕೈಯಲ್ಲಿ, ಎಡದ ತುದಿಯ ಗುಳಿಗೆ ಬೀಜ ಮೆಲ್ಲ ಹಾಕಿದೆ. ಈ ಸಲ ಕಳ್ಳತನ ತಿರುಗಿಸಿ ಮಾಡುವುದಾದರೂ ಕಳ್ಳನ ಹಾಗೆಯೇ ಕೋಟು ಸರಿ ಮಾಡಿಕೊಂಡು ಕೂತೆ.

ಅಕ್ಕ ನೋಡಿಯೇ ಬಿಟ್ಟಳು.

"ಅಂತೂ ಬಂತಾ?" ಅಂದಳು.

"ಭಾವನಿಗೆ ಹೇಳ್ಬೇಡ ಮಾರಾಯ್ತಿ. ಅವರಿಗೆ ಇಷ್ಟು ವರ್ಷ ಗೊತ್ತಿಲ್ಲ."

ಅಕ್ಕ ನನ್ನನ್ನೇ ನೋಡಿದಳು, ತಪ್ಪು ಉತ್ತರ ಬರೆದ ಕಾಪಿ ಪುಸ್ತಕ ನೋಡಿದ ಹಾಗೆ.

"ನೀನು ಹೇಳಿದ ಆ ಮನೆಯಲ್ಲಿ ಗಂಡುಮಕ್ಕಳೇ ಇಲ್ಲ ಅಂತ ಅತ್ತೆಗೆ ಮೊದಲ ದಿವಸವೇ ಗೊತ್ತಿತ್ತು. ನಿನ್ನ ಮೂಗು ನೋಡಿ ಯಾರ ಮಗ ಅಂತಲೂ ಗೊತ್ತಾಯ್ತಂತೆ. ಬೀಜ ಕಡಿಮೆ ಬಂದ ದಿವಸ ಇವರಿಗೂ ಗೊತ್ತಾಯ್ತು. ಪ್ರತಿ ಆಟಿಯಲ್ಲಿ ಅತ್ತೆ ಲೆಕ್ಕ ಮಾಡಿ ಐವತ್ತೈದು ಅಂತ ಗೊಣಗುದು, ಹೊಸ ಬೀಜ ಒಂದು ಸೇರಿಸುವ ಅಂತ ಹೊರಡುದು. ಇವರು ಸೇರಿಸ್ಲಿಕ್ಕೆ ಬಿಡುದಿಲ್ಲ. 'ಇರ್ಲಿ ಅಮ್ಮ, ಅದು ಕಳೆದುಹೋದದ್ದಲ್ಲ, ಭಾವನ ಹತ್ರ ಉಂಟು, ಅದರ ಸರದಿ ಬಂದಿಲ್ಲ ಅಷ್ಟೆ' ಅಂತ ಹೇಳುದು."